ಅಕ್ಕನ ಮಂಡಿ, ಭಾವನ ಬಾಚಣಿಗೆ

ನಮ್ಮ ಭಾವನದು ಕಟಿಂಗ್ ಶಾಪ್. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಮಿಕ್ಕ ಜಾಗದಲ್ಲೆಲ್ಲ ಮಾತು. ಅವರ ಮಾತಿನ ಪ್ರತಾಪ ಎಂಥದೆಂದರೆ, ಗಡ್ಡ ತೆಗೆಸಲು ಬಂದವರು ತಲೆ ಬೋಳಿಸಿಕೊಂಡು ಹೋದದ್ದೂ ಉಂಟು. ಬೀದಿಗಿಳಿದು ನೆತ್ತಿಗೆ ಗಾಳಿ ಬಡಿದ ಮೇಲಷ್ಟೇ ಅವರಿಗೆ ಅರಿವಾಗುತ್ತಿತ್ತು. ಕತ್ತಿ ಗಂಟಲಿಗೆ ಬರುವ ಹೊತ್ತಿಗೆ ಸರಿಯಾಗಿ ಕಥೆಯನ್ನು ಕುತೂಹಲದ ಜಾಗದಲ್ಲಿ ನಿಲ್ಲಿಸುವುದು ಅವರ ಯುದ್ಧತಂತ್ರ. ಗಿರಾಕಿ ಗೊಂಬೆಯಂತೆ ಕೂರುತ್ತಾನೆ, ಭಾವ ಕೆಲಸ ಮುಗಿಸುತ್ತಾರೆ. ಈ ಮಹಾವೀರರ ಮಾತಿಗೆ ಕಿವಿಗೊಡದ ಜೀವ ಊರಿನಲ್ಲಿ ಒಂದೇ: ನಮ್ಮ ಅಕ್ಕ.

ಅಂಥ ಅಕ್ಕನಿಗೆ ಮಂಡಿ ಬದಲಿಸುವ ಆಪರೇಷನ್ ಆಯಿತು. ಮಾತ್ರೆಗಳು ತಮ್ಮ ಪಾಲಿನ ಕೆಲಸ ಮಾಡಿದವು, ಐಸಿನ ಚೀಲ ತನ್ನ ಪಾಲಿನದು ಮಾಡಿತು. ಆದರೆ ಫಿಸಿಯೋಥೆರಪಿಯ ಹುಡುಗಿ ವಾರ್ಡಿಗೆ ಬಂದು, ಕುರ್ಚಿಯಲ್ಲಿ ಕೂತು ಹಿಮ್ಮಡಿಯನ್ನು ಹಿಂದಕ್ಕೆ ಎಳೆದು ಮಂಡಿ ಬಗ್ಗಿಸಬೇಕೆಂದಾಗ ಅಕ್ಕ ಕಾಲನ್ನು ಕಂಬದಂತೆ ಚಾಚಿ, "ಮುಟ್ಟಿದ್ರೆ ನೋಡಿ!" ಎಂದಳು. ಪಕ್ಕದ ಹಾಸಿಗೆಯವರು ಕೂಡ ತಮ್ಮ ಕಾಲು ಒಳಗೆಳೆದುಕೊಂಡರು.

"ಈಗ ಬಗ್ಗಿಸದಿದ್ರೆ ಮಂಡಿ ಬಿಗಿದುಬಿಡುತ್ತೆ, ಅಮ್ಮಾ. ಆಮೇಲೆ ಮತ್ತೆ ಮಂಪರು ಇಂಜೆಕ್ಷನ್ ಕೊಟ್ಟು ಬಗ್ಗಿಸ್ಬೇಕಾಗ್ಬಹುದು," ಎಂದಳು ಹುಡುಗಿ. ಅಕ್ಕನ ಮುಖದಲ್ಲಿ ಹೆದರಿಕೆ ಕಂಡದ್ದು ನಾನು ಅಂದೇ.

ಭಾವ ರಣರಂಗಕ್ಕೆ ಧುಮುಕಿದರು. "ನೋವಾಗಲ್ಲ ಕಣೇ. ಒಂಚೂರೂ ನೋವಿಲ್ಲ. ನೋವು ಅಂದ್ಕೊಂಡ್ರೆ ತಾನೇ ನೋವು!"

"ಹಾಗಾದ್ರೆ ನಿಮ್ಮ ಮಂಡೀನೂ ಕೊಯ್ಸ್ಕೊಂಡು ಬನ್ನಿ, ಮಾತಾಡೋಣ!"

ಕಾಲು ಇನ್ನಷ್ಟು ಸೆಟೆದುಕೊಂಡಿತು.

ಹುಡುಗಿ ನಕ್ಕಳು. "ಅಂಕಲ್, ನೋವು ನೋವು ಅಂತ ನೀವೇ ಜಪ ಮಾಡ್ತಿದ್ದೀರಲ್ಲ. ಶಾಪಲ್ಲಿ ಗಿರಾಕಿ ಗಂಟಲ ಮೇಲೆ ಕತ್ತಿ ಇಟ್ಟು 'ರಕ್ತ ಬರಲ್ಲ, ರಕ್ತ ಬರಲ್ಲ' ಅಂತೀರಾ? ಅವರ ಗಮನ ಬೇರೆ ಕಡೆ ತಿರುಗ್ಸಿ. ಅದೂ ಚಿಕಿತ್ಸೇನೇ. ಮೈ ಸಡಿಲ ಆದ್ರೆ ನೋವೂ ಸ್ವಲ್ಪ ಸಡಿಲ ಆಗುತ್ತೆ."

ಭಾವ ಬಾಯಿ ಮುಚ್ಚಿದರು. ಇತಿಹಾಸ ಬರೆದಿಡಬೇಕಾದ ಗಳಿಗೆ ಅದು. ಆಮೇಲೆ ಜೇಬಿನಿಂದ ಬಾಚಣಿಗೆ ತೆಗೆದು, ಅಕ್ಕನ ಹಿಂದೆ ನಿಂತು, ಟವೆಲನ್ನು ಅವಳ ಹೆಗಲಿಗೆ ಹೊದಿಸಿದರು. ಊರಿನ ತಲೆಗಳನ್ನೆಲ್ಲ ಆಳಿದ ಆ ಕೈ ಸ್ವಂತ ಹೆಂಡತಿಯ ತಲೆಯನ್ನು ಅದುವರೆಗೆ ಬಾಚಿದ್ದೇ ಇರಲಿಲ್ಲ. ಸಿಕ್ಕನ್ನು ತುದಿಯಿಂದ ಬಿಡಿಸುತ್ತ ಮೆಲ್ಲಗೆ ಶುರುಮಾಡಿದರು:

"ಮೊನ್ನೆ ಒಬ್ಬ ಬಂದಿದ್ದ. ಮೀಸೆ ತೆಗೀರಿ ಅಂದ. ಬಲಗಡೇದು ತೆಗ್ದಿದ್ದೀನಿ, ಹೆಂಡ್ತಿ ಫೋನು. 'ಮೀಸೆ ತೆಗೆಸಿದ್ರೆ ಮನೆಗೆ ಬರ್ಬೇಡಿ' ಅಂದ್ಲಂತೆ."

ಅಕ್ಕನ ಹುಬ್ಬು ಮೇಲೇರಿತು. ಹುಡುಗಿ ಸದ್ದಿಲ್ಲದೆ ಅವಳ ಪಾದದಡಿ ಜಾರುವಂಥ ಬಟ್ಟೆಯೊಂದನ್ನು ಇಟ್ಟಳು.

"ಆಮೇಲೆ?"

"ಇರು, ಇಲ್ಲೊಂದು ಸಿಕ್ಕಿದೆ."

"ಸಿಕ್ಕು ಹಾಳಾಗ್ಲಿ, ಅವನೇನ್ಮಾಡ್ದ?"

"ಬಲಗಡೆ ಕರ್ಚೀಫ್ ಒತ್ಕೊಂಡು, ಹಲ್ಲು ಹುಳುಕು ಅಂತ ಮನೆಗೆ ಹೋದ. ಆಯಮ್ಮ ಪಾಪ ಅಂತ ಕರ್ಕೊಂಡ್ಹೋಗಿ ಹಲ್ಲೇ ಕೀಳ್ಸಿದ್ಲು!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ಜೊತೆ ಅವಳು ಬಿಗಿಹಿಡಿದಿದ್ದ ಉಸಿರೆಲ್ಲ ಹೊರಬಂತು. ಕಂಬದಂತಿದ್ದ ತೊಡೆ ಸಡಿಲವಾಯಿತು.

"ಹಾಂ, ಉಸಿರು ಬಿಡ್ತಾ ಹಾಗೇ ಎಳೀರಿ," ಎಂದಳು ಹುಡುಗಿ.

ಹಿಮ್ಮಡಿ ಸರಿಯಿತು. ನಿಂತಿತು. ಮತ್ತೆ ಸರಿದು, ಮೆಲ್ಲಮೆಲ್ಲಗೆ ಕುರ್ಚಿಯ ಕೆಳಗೆ ಹೋಯಿತು. ನೋವು ಇದ್ದೇ ಇತ್ತು, ಹಣೆಯ ಬೆವರೇ ಹೇಳುತ್ತಿತ್ತು. ಆದರೂ ಅಕ್ಕ ತನ್ನ ಮಂಡಿಯನ್ನು ಈಗಷ್ಟೇ ಹುಟ್ಟಿದ ಕೂಸನ್ನು ನೋಡುವಂತೆ ನೋಡಿದಳು.

"ರೀ, ಬಗ್ತು ಕಣ್ರೀ!"

ಭಾವನ ಬಾಚಣಿಗೆ ಗಾಳಿಯಲ್ಲೇ ನಿಂತಿತ್ತು, ಕಣ್ಣು ತುಂಬಿತ್ತು. ನಾನು ಯಾವಾಗ ಎದ್ದು ನಿಂತೆನೋ ನನಗೇ ತಿಳಿಯದು.

"ನಿಲ್ಲಿಸ್ಬೇಡಿ," ಎಂದಳು ಅಕ್ಕ, "ಇನ್ನೊಂದ್ಸಲ ಎಳೀತೀನಿ."