ಮೀನು ಹಾರಿಸದ ಹಳ್ಳಿ

ನಮ್ಮ ಅತ್ತೆ ಕಿನುಯೆ ಸೀನಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಸೀನು ಬಂದರೆ ತೋಳಿನಲ್ಲಿ ಮುಖ ಹುದುಗಿಸಿಬಿಡುತ್ತಾರೆ. ಅವರನ್ನು ನಾನು ಒಕಾಸಾನ್ ಎನ್ನುತ್ತೇನೆ, ಜಪಾನೀಯರು ಅಮ್ಮನನ್ನು ಕರೆಯುವ ಹಾಗೆ. ಅವರು ಹುಟ್ಟಿದ್ದು, ಮದುವೆಯಾದದ್ದು, ನೂಡಲ್ಸ್ ಅಂಗಡಿಯಲ್ಲಿ ಹಿಟ್ಟು ನಾದುತ್ತಾ ಬದುಕು ಸವೆಸಿದ್ದು ಎಲ್ಲವೂ ಬೆಟ್ಟದ ನಡುವಿನ ಒಂದೇ ಕಣಿವೆಯಲ್ಲಿ. ಅಲ್ಲಿ ಬೆಳಿಗ್ಗೆ ಬಂದು ಕೂತ ಮಂಜು ಮಧ್ಯಾಹ್ನದವರೆಗೂ ಏಳುವುದಿಲ್ಲ. ಮನೆಗಳು ಇವೆಯೋ ಇಲ್ಲವೋ ಎನ್ನುವಂತೆ ಇರುತ್ತವೆ. ಹುಡುಕಿದರೂ ಒಂದು ಹುಂಜ ಸಿಗದು. ಯಾಕೆಂದು ಕೇಳಿದರೆ ತೋರು, ಅಂದರೆ ನನ್ನ ಗಂಡ, ನಕ್ಕು ಮಾತು ಹಾರಿಸುತ್ತಿದ್ದ.

ಮೇ ತಿಂಗಳಲ್ಲಿ ಗಂಡುಮಕ್ಕಳ ಹಬ್ಬ. ಗಂಡುಮಗು ಇರುವ ಮನೆಯವರು ಕಂಬಕ್ಕೆ ಬಟ್ಟೆಯ ಮೀನು ಕಟ್ಟುತ್ತಾರೆ. ಗಾಳಿ ತುಂಬಿದರೆ ಅದು ಆಕಾಶದಲ್ಲಿ ಈಜುತ್ತದೆ. ನನ್ನ ಮಗ ತೇಜಸ್ವಿಗೆ ಅದು ಮೊದಲ ಹಬ್ಬ. ತೋರುಗೆ ಆಫೀಸು, ಮರುದಿನ ಬರುವವನಿದ್ದ. ನಾನು ನಾವಿರುವ ಯೋಕೋಹಾಮಾ ನಗರದಿಂದ ಆಳುದ್ದದ ಕೆಂಪು ಮೀನು ಹೊತ್ತುಕೊಂಡು ಹೋಗಿ, ಒಕಾಸಾನ್ ಅಂಗಡಿಯಲ್ಲಿದ್ದಾಗ ಅಂಗಳದಲ್ಲಿ ಏರಿಸಿಬಿಟ್ಟೆ. ನನಗೋ ಸಂಭ್ರಮವೋ ಸಂಭ್ರಮ.

ಒಕಾಸಾನ್ ದಾರಿಯಿಂದಲೇ ನೋಡಿ ಓಡಿ ಬಂದರು. ಕೈತುಂಬ ಹಿಟ್ಟು. ಮೀನನ್ನು ಎಳೆದು ಇಳಿಸಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗಿನವಳು ಹೆತ್ತದ್ದು ಎಂದೇ ಅಲ್ಲವೇ ಈ ತಾತ್ಸಾರ? ನಾಳೆಯೇ ಹೊರಟೆ, ಇನ್ನು ಮಗುವನ್ನು ಈ ಮನೆಗೆ ಕರೆತರುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿ ಬ್ಯಾಗು ತುಂಬತೊಡಗಿದೆ.

ಆಗ ಬಾಯಿ ಬಿಟ್ಟರು. ಊರಿನವರೆಲ್ಲ ತೈರಾ ಎಂಬ ಯೋಧರ ಮನೆತನದ ಪೀಳಿಗೆಯಂತೆ. ಎಂಟುನೂರು ವರ್ಷಕ್ಕೂ ಹಿಂದಿನ ಮಾತು. ಕತ್ತಿ ಹಿಡಿದು ಮೇಲೆದ್ದ ಆ ಮನೆತನ ಮಗಳನ್ನು ಚಕ್ರವರ್ತಿಗೆ ಕೊಟ್ಟು, ಮೊಮ್ಮಗನನ್ನೇ ಸಿಂಹಾಸನದ ಮೇಲೆ ಕೂರಿಸಿತು. ನೋಡನೋಡುತ್ತಾ ಎಲ್ಲ ಮಣ್ಣುಪಾಲಾಯಿತು. ಮಿನಾಮೊಟೊ ವಂಶದವರು ಅಟ್ಟಿಸಿಕೊಂಡು ಬಂದು ಕಡಲಿನಲ್ಲಿ ಸೋಲಿಸಿದಾಗ, ಪುಟ್ಟ ಚಕ್ರವರ್ತಿಯನ್ನು ತಬ್ಬಿಕೊಂಡು ಅವನ ಅಜ್ಜಿ ನೀರಿಗೆ ಹಾರಿದಳು. ಅಳಿದುಳಿದವರು ಬೆಟ್ಟ ಸೇರಿ ಅಡಗಿದರು. ಅವರಲ್ಲೊಂದು ಮನೆಯವರು ಗಂಡು ಹುಟ್ಟಿತೆಂದು ಹಿಗ್ಗಿ ಬಾವುಟ ಏರಿಸಿದರಂತೆ. ಶತ್ರುಗಳು ಅದನ್ನು ನೋಡಿಕೊಂಡೇ ಬಂದರಂತೆ. ಅಂದಿನಿಂದ ಇಲ್ಲಿ ಮೀನು ಹಾರುವುದಿಲ್ಲ, ಹುಂಜ ಕೂಗುವುದಿಲ್ಲ.

ಈಗ ಯಾರು ಬರುತ್ತಾರೆ ಎಂದು ಸಿಟ್ಟಿನಲ್ಲೇ ಕೇಳಿದೆ. ಅವರು ಇಳಿಸಿದ ಮೀನನ್ನು ಮಡಚತೊಡಗಿದರು.

ಬ್ಯಾಗು ತುಂಬಿ, ಮಗುವಿನ ಪಕ್ಕ ಹಾಗೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಮಗು ಇರಲಿಲ್ಲ. ನಡುಮನೆಯಿಂದ ಕೇಕೆ ಕೇಳಿಸಿ ಹೋಗಿ ನೋಡಿದರೆ, ಕಾಗದದ ಬಾಗಿಲುಗಳೆಲ್ಲ ಮುಚ್ಚಿವೆ, ಅವುಗಳ ಮೂಲಕ ಬೆಳಕು ಹಾಲಿನಂತೆ ಸೋರಿ ಬರುತ್ತಿದೆ. ತೊಲೆಗೆ ಕಟ್ಟಿದ ಕೆಂಪು ಮೀನು ಅದರಲ್ಲಿ ಮೆಲ್ಲಗೆ ಈಜುತ್ತಿತ್ತು. ಒಕಾಸಾನ್ ಅದರ ಬಾಯಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಕೆಳಗೆ ಮಲಗಿದ್ದ ತೇಜು ಕಾಲು ಬಡಿದು ನಗುತ್ತಿದ್ದ.

"ಯಾರೂ ಬರಲ್ಲ ಅಂತ ನನಗೂ ಗೊತ್ತು, ಯಾಮಿನಿ ಸಾನ್," ಎಂದರು ತಿರುಗದೆ. "ಆದ್ರೆ ಇವನನ್ನ ಎತ್ಕೊಂಡಾಗೆಲ್ಲ ಆ ಅಜ್ಜೀನೇ ನೆನಪಾಗ್ತಾಳೆ."

ಅವರ ತೋಳು ಸೋತು ಇಳಿಯುತ್ತಿತ್ತು. ಎಷ್ಟು ಹೊತ್ತಿನಿಂದ ಬೀಸುತ್ತಿದ್ದರೋ ಏನೋ. ಬೀಸಣಿಗೆ ಇಸಿದುಕೊಂಡು ನಾನು ಬೀಸತೊಡಗಿದೆ.