ಪೇಶಂಟ್ ಹೆಣ್ಣು, ವಯಸ್ಸು ನಲವತ್ತೊಂದು

ಕಷ್ಟಕಾಲದಲ್ಲಿ ಮನುಷ್ಯನ ಕೈ ಹಿಡಿಯುವವರು ಬಂಧುಗಳೇ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಿಗೆ ನಮ್ಮ ಭಾವನವರ ಪರಿಚಯ ಇದ್ದಿರಲಿಕ್ಕಿಲ್ಲ.

ನಾನಾಗ ಬೈಲಹೊಂಗಲದ ದವಾಖಾನೆಯೊಂದರಲ್ಲಿ ಸ್ಟಾಫ್ ನರ್ಸ್. ಯಜಮಾನರು ತೀರಿಕೊಂಡು ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ಬಡ್ತಿ ಕೊಟ್ಟು ರಾಮದುರ್ಗಕ್ಕೆ ವರ್ಗ ಮಾಡಿದ ಆದೇಶ ಬಂತು. ಸೋಮವಾರ ಹಾಜರಾಗಬೇಕು. ಅದರ ಹಿಂದೆಯೇ ಕಿತ್ತೂರಿನಿಂದ ಭಾವನವರೂ, ಅಂದರೆ ಯಜಮಾನರ ಅಣ್ಣ, ಬಂದರು. ದಿನಾ ಮುಂಜಾನೆ ಮೊದಲ ಬಸ್ಸಿಗೆ ಬಂದು, ಎರಡು ಕಪ್ಪು ಚಹಾ ಕುಡಿದು, ನನ್ನ ಉದ್ಧಾರಕ್ಕೆ ಕೂರುತ್ತಿದ್ದರು.

"ನೌಕರಿ ಬಿಡವಾ. ಒಬ್ಬಾಕಿ ಹೆಣ್ಮಗಳು ರಾಮದುರ್ಗದಾಗ ಏನ್ ಮಾಡ್ತಿ? ನಮ್ಮನ್ಯಾಗ ಒಂದ್ ಖೋಲಿ ಇಲ್ಲೇನು?"

ಖೋಲಿ ಇತ್ತು. ಅದರಲ್ಲಿ ಉಳ್ಳಾಗಡ್ಡಿ ಚೀಲಗಳಿದ್ದವು. ಪಕ್ಕದ ಖೋಲಿಯಲ್ಲಿ ಭಾವನವರ ಮಾವ, ಅಂದರೆ ಅವರ ಹೆಂಡತಿಯ ತಂದೆ, ಹಾಸಿಗೆ ಹಿಡಿದು ವರ್ಷವಾಗಿತ್ತು. ದವಾಖಾನೆಯವರು ಪಗಾರ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ಭಾವನವರು ಬರೀ ಅಂತಃಕರಣದಿಂದ ಮಾಡಿಸಿಕೊಳ್ಳಲು ಸಿದ್ಧರಿದ್ದರು. ರಾಜೀನಾಮೆ ಪತ್ರವನ್ನೂ ತಾವೇ ಬರೆದು ತಂದಿದ್ದರು. ನನ್ನ ಪಾಲಿಗೆ ಸಹಿಯ ಶ್ರಮವನ್ನಷ್ಟೇ ಉಳಿಸಿದ್ದರು.

ಬಜಾರದ ಗೊಬ್ಬರದ ಅಂಗಡಿಯವರು ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ತೆರೆದಿದ್ದರು. ದೇಶವಿದೇಶದ ನರ್ಸುಗಳು ಸೇರಿದ್ದ ಒಂದು ಗುಂಪು ಅದರಲ್ಲಿತ್ತು. ಬೆನ್ನಹುಣ್ಣಿಗೆ ಯಾವ ಮುಲಾಮು ಉತ್ತಮ ಎಂದು ಅಲ್ಲಿ ಮಹಾಯುದ್ಧಗಳು ನಡೆಯುತ್ತಿದ್ದವು. ನಾನು ಓದಿ ಎದ್ದು ಬರುತ್ತಿದ್ದೆ. ಶುಕ್ರವಾರ ಸಂಜೆ ನನ್ನ ಕಷ್ಟ ಬರೆಯೋಣವೆಂದು ಕೂತೆ. ಆದರೆ ಹದಿನೆಂಟು ವರ್ಷ ನಾನು ಬರೆದದ್ದು ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ಒಪ್ಪಿಸುವ ವಾರ್ಡಿನ ರಿಪೋರ್ಟು ಒಂದೇ. ಕೈ ಅದನ್ನೇ, ವಾರ್ಡಿನ ಇಂಗ್ಲಿಷಿನಲ್ಲೇ, ಬರೆಯಿತು:

"ಪೇಶಂಟ್ ಹೆಣ್ಣು, ವಯಸ್ಸು ನಲವತ್ತೊಂದು. ಗಂಡ ತೀರಿ ಮೂರು ತಿಂಗಳು. ನಿದ್ದೆ ಇಲ್ಲ. ಊಟ ಅರ್ಧ. ಅಳುವುದಿಲ್ಲ. ಬಡ್ತಿ ಮೇಲೆ ರಾಮದುರ್ಗಕ್ಕೆ ವರ್ಗ. ನೌಕರಿ ಬಿಡಿಸಿ ಮನೆಗೆ ಒಯ್ಯುತ್ತೇವೆಂದು ಸಂಬಂಧಿಕರ ಹಟ. ಸಲಹೆ ಬೇಕು."

ಪೇಶಂಟ್ ನಾನೇ ಎಂದು ಬರೆಯುವುದು ಮರೆತೇಹೋಯಿತು.

ಮರುದಿನ ಹನ್ನೊಂದು ಉತ್ತರ ಬಂದಿದ್ದವು. ಒಬ್ಬಳು ಬಿ.ಪಿ. ಕೇಳಿದ್ದಳು. ಇನ್ನೊಬ್ಬಳು, ಸಂಬಂಧಿಕರನ್ನು ಭೇಟಿಯ ವೇಳೆಯಲ್ಲದೆ ಒಳಗೆ ಬಿಡಬೇಡಿ ಎಂದಿದ್ದಳು. ಮಸ್ಕತ್ತಿನಲ್ಲಿದ್ದ ಹಿರಿಯ ಮಲಯಾಳಿ ಸಿಸ್ಟರ್ ಒಂದೇ ಸಾಲು ಬರೆದಿದ್ದಳು: "ಪೇಶಂಟಿಗೆ ಏನು ಬೇಕು ಎಂದು ಯಾರಾದರೂ ಕೇಳಿದಿರಾ?"

ಕೇಳಿರಲಿಲ್ಲ. ಭಾವನವರು ಕೇಳದ್ದು ಸಹಜ, ನಾನೂ ಕೇಳಿರಲಿಲ್ಲ. "ರಾಮದುರ್ಗಕ್ಕೆ ಹೋಗಬೇಕಂತೆ. ಪೇಶಂಟ್ ನಾನೇ" ಎಂದು ಬರೆದೆ. ಸ್ವಲ್ಪ ಹೊತ್ತಿಗೇ ಅವಳ ಉತ್ತರ ಬಂತು: "ಗೊತ್ತು. ಅಳದ ಪೇಶಂಟ್ ಸಿಕ್ಕರೆ ನಾವು ಪುಣ್ಯ ಅಂದುಕೊಳ್ಳುತ್ತೇವೆ, ರಿಪೋರ್ಟಿನಲ್ಲಿ ಬರೆಯುವುದಿಲ್ಲ. ನನ್ನವರು ಹೋದಾಗ ನಾನೂ ಅತ್ತಿರಲಿಲ್ಲ. ಮೊದಲು ಊಟ ಮಾಡು. ಆಮೇಲೆ ದಿನಾ ನನಗೆ ರಿಪೋರ್ಟ್ ಬರಿ."

ಮೂರು ತಿಂಗಳ ಬಾಕಿಯನ್ನೆಲ್ಲ ನಾನು ಯೂರಿಯಾ ಚೀಲಗಳ ನಡುವೆ ಅತ್ತು ತೀರಿಸಿದೆ. ಅಂಗಡಿಯವರು ಓಡಿ ಬಂದರು.

"ಅಕ್ಕಾರ, ಬೆಳಿಗೆ ಹೊಡಿಯೂ ಎಣ್ಣಿ ಔಷಧದ ವಾಸನಿಗೆ ಹಂಗ ಆಕ್ಕೈತ್ರಿ. ಹೊರಗ ಬಂದ್ ಕುಂದರ್ರಿ."

ರವಿವಾರವೂ ಭಾವನವರು ತಪ್ಪಿಸಲಿಲ್ಲ.

"ಸಹಿ ಮಾಡಿದೇನವಾ?"

"ಇಲ್ರಿ ಭಾವಾರ. ನಾಳಿ ರಾಮದುರ್ಗಕ್ಕ ಹೊಂಟೇನಿ. ಇನ್ನ ಮ್ಯಾಲೆ ಬರೂದಿದ್ರ ಸಂಜಿ ನಾಕರಿಂದ ಆರರೊಳಗ ಬರ್ರಿ."

"ಯಾಕ, ಮನಿ ಏನ್ ದವಾಖಾನಿ ಆತೇನು?"

"ಹೌದ್ರಿ. ಪೇಶಂಟ್ ಇನ್ನೂ ಆರಾಮ ಆಗಿಲ್ರಿ."

ಅವರು ಅಂದು ಒಂದೇ ಕಪ್ಪು ಚಹಾ ಕುಡಿದು ಎದ್ದರು.

ಸೋಮವಾರ ಯರಗಟ್ಟಿ ಮೇಲೆ ಹೋಗುವ ಬಸ್ಸು ಹಿಡಿದು, ಹತ್ತು ಗಂಟೆಗೆ ರಾಮದುರ್ಗದಲ್ಲಿ ಹಾಜರಿ ಹಾಕಿದೆ.