ಪ್ಯಾಂಟ್ ಮಾಸ್ತರರು ನೀರಿಗೆ ಬಿದ್ದದ್ದು

ಹೆಸರು ಹೇಳಿ ಅವರ ಮನೆ ಕೇಳಿಕೊಂಡು ಬಂದವರು ಬೀದಿಯಲ್ಲಿ ಮೂರು ಸುತ್ತು ಹಾಕಬೇಕಾಗುತ್ತಿತ್ತು. ‘ಪ್ಯಾಂಟ್ ಮಾಸ್ತರರು’ ಎಂದರೆ ಮಾತ್ರ ಹಾಲಿನವಳಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಕೈ ತೋರಿಸುತ್ತಿದ್ದರು. ಮೂವತ್ತಮೂರು ವರ್ಷದಿಂದ ಪ್ಯಾಂಟ್ ಬಿಟ್ಟು ಬೇರೇನನ್ನೂ ಹೊಲಿದವರಲ್ಲ. ಯಾರಾದರೂ ಅಂಗಿಯ ಬಟ್ಟೆ ತಂದರೆ, “ಅದು ನನ್ನ ಕೈಗೆ ಒಗ್ಗಲ್ಲ” ಎಂದು ಮುಟ್ಟಿಯೂ ನೋಡದೆ ವಾಪಸು ಕಳಿಸುತ್ತಿದ್ದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒಂದು ಕನ್ನಡಿ. ಒಳಗಿನ ಕೋಣೆಯ ಕಿಟಕಿ ಪಕ್ಕದಲ್ಲಿ ಕೂತು ಹೆಂಡತಿ ಕಾಜ ಹಾಕುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು. ಇದ್ದೊಬ್ಬ ಮಗಳು ಮದುವೆಯಾಗಿ ದೂರದ ಊರು ಸೇರಿ ಮೂರು ವರ್ಷವಾಗಿತ್ತು. ಅಲ್ಲಿಗೆ ಹೋಗಿಬರೋಣ ಎಂದು ಹೆಂಡತಿ ಹೇಳಿದರೆ, “ಅವರೇ ಬರ್ತಾರಲ್ಲ” ಎನ್ನುತ್ತಿದ್ದರು ಮಾಸ್ತರರು. ಸಂಜೆ ಬೇರೆ ದಾರಿಯಲ್ಲಿ ನಡೆದು ಬರೋಣ ಎಂದರೆ, “ಇರೋ ದಾರಿಗೇನಾಗಿದೆ?” ಎಂಬ ಪ್ರಶ್ನೆ. ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದರೂ ಅವರ ಅಂದಿನ ದಿನ ಕೆಟ್ಟಂತೆಯೇ.

ಹೀಗಿರುವಾಗ ಊರಿನ ಈಜುಕೊಳದ ಮ್ಯಾನೇಜರ್ ಬಂದು, ತನ್ನ ಆರು ಜನ ಗಾರ್ಡುಗಳಿಗೆ ಹೊಸ ಪ್ಯಾಂಟ್ ಬೇಕೆಂದ. “ಮಾಸ್ತರೇ, ಬೆಳಿಗ್ಗೆ ಏಳಕ್ಕೆ ನೀವೇ ಬಂದ್ಬಿಡಿ. ಪಾಳಿ ಬದಲಾಗೋ ಹೊತ್ತು, ಎಲ್ಲರೂ ಒಟ್ಟಿಗೇ ಸಿಗ್ತಾರೆ.” ಅಂಗಡಿ ಬಿಟ್ಟು ಹೋಗುವುದೆಂದರೆ ಮಾಸ್ತರರಿಗೆ ಆಗದು. ಆದರೆ ಆರು ಜನರನ್ನು ಆ ಸಣ್ಣ ಕೋಣೆಯಲ್ಲಿ ನಿಲ್ಲಿಸುವುದಾದರೂ ಎಲ್ಲಿ? ಒಪ್ಪಿಕೊಂಡರು.

ಮರುದಿನ ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಕೊರಳಿಗೆ ಟೇಪು ಹಾಕಿಕೊಂಡು ಕೊಳದ ಅಂಚಿನಲ್ಲಿ ನಿಂತಿದ್ದರು. ಆ ಊರಲ್ಲೇ ಹುಟ್ಟಿ ಬೆಳೆದವರು ಆ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ನೀರಿನ ಮೇಲಿಂದ ಬರುವ ಔಷಧಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಆಚೆ ಕೊನೆಯಲ್ಲಿ ಹತ್ತು ಅಡಿ ಎತ್ತರದಲ್ಲಿ ಜಿಗಿಯುವ ಹಲಗೆ. ಅದರ ಮೇಲೆ ಕಪ್ಪು ಈಜುಡುಗೆ, ನೀಲಿ ಟೋಪಿ ತೊಟ್ಟ, ವಯಸ್ಸಾದ ಹೆಂಗಸೊಬ್ಬಳು ನಿಂತಿದ್ದಳು.

‘ಯಾರ ಮನೆಯವಳಪ್ಪ ಇವಳು, ಈ ವಯಸ್ಸಲ್ಲಿ!’ ಎಂದುಕೊಂಡರು ಮಾಸ್ತರರು.

ಅಷ್ಟರಲ್ಲಿ ಆ ಹೆಂಗಸು ಬಲಗೈಯಿಂದ ತನ್ನ ಎಡಗಿವಿಯನ್ನು ಎರಡು ಸಲ ಉಜ್ಜಿಕೊಂಡಳು. ಮಾಸ್ತರರು ಒಂದು ಹೆಜ್ಜೆ ಮುಂದೆ ಬಂದು ಕಣ್ಣು ಕಿರಿದಾಗಿಸಿ ನೋಡಿದರು. ಸೂಜಿಗೆ ದಾರ ಪೋಣಿಸುವ ಮೊದಲು, ಬಿಸಿ ಪಾತ್ರೆ ಇಳಿಸುವ ಮೊದಲು, ಮಗಳ ಹೆರಿಗೆಯ ಸುದ್ದಿ ಕೇಳಲು ಫೋನ್ ಎತ್ತುವ ಮೊದಲು, ಹೀಗೆ ಕಿವಿ ಉಜ್ಜಿಕೊಳ್ಳುವ ಹೆಂಗಸು ಅವರಿಗೆ ಗೊತ್ತಿದ್ದಂತೆ ಭೂಮಿಯ ಮೇಲೆ ಒಬ್ಬಳೇ.

ಹೆಂಡತಿ ಎರಡೂ ಕೈ ಮೇಲೆತ್ತಿದಳು, ಬಾಗಿದಳು, ಹಾರಿಯೇ ಬಿಟ್ಟಳು.

ಕತ್ತರಿ ಬಟ್ಟೆಯಲ್ಲಿ ಹೋದಂತೆ ನೀರು ಸೀಳಿತು, ಮುಚ್ಚಿಕೊಂಡಿತು. ಒಂದು, ಎರಡು, ಮೂರು... ಅವಳು ಮೇಲೆ ಬರಲಿಲ್ಲ. “ಅಯ್ಯೋ! ಯಾರಾದ್ರೂ ಹಿಡೀರೋ! ನನ್ನ ಹೆಂಡ್ತಿ ಕಣ್ರೋ!” ಎಂದು ಕೂಗುತ್ತ ಮಾಸ್ತರರು ಅಂಚಿನುದ್ದಕ್ಕೂ ಓಡಿದರು. ಚಪ್ಪಲಿ ಜಾರಿತು. ಆಳ ಹದಿನಾಲ್ಕು ಅಡಿ ಎಂದು ಬರೆದ ಫಲಕದ ಎದುರಿಗೇ ಅವರೂ ನೀರಿಗೆ ಬಿದ್ದರು.

ಎರಡು ಕ್ಷಣ ಏನೂ ಕೇಳಿಸಲಿಲ್ಲ. ತೆರೆದ ಕಣ್ಣಿಗೆ ಬರೀ ನೀಲಿ. ಕೊರಳಿನಿಂದ ಕಳಚಿಕೊಂಡ ಟೇಪು ಮುಖದ ಮುಂದೆಯೇ ಹಳದಿ ಹಾವಿನಂತೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಮೂಗಿಗೆ ನೀರು ನುಗ್ಗಿತು. ಕೈಕಾಲು ಬಡಿಯತೊಡಗಿದರು. ಹಿಂದಿನಿಂದ ಯಾರೋ ಗದ್ದಕ್ಕೆ ಕೈ ಹಾಕಿ ತಲೆಯನ್ನು ಮೇಲಕ್ಕೆತ್ತಿದರು.

“ಬಡೀಬೇಡಿ! ಸುಮ್ಮನೆ ಅಂಗಾತ ಮಲ್ಕೊಳಿ. ನಾನು ಹಿಡ್ಕೊಂಡಿದೀನಿ.”

“ನೀ... ನೀನಾ?”

“ಇನ್ಯಾರು? ಬಾಯಿ ಮುಚ್ಚಿ, ನೀರು ಕುಡೀತೀರಿ.”

ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಹೆಂಡತಿ ಅವರನ್ನು ಎಳೆದುಕೊಂಡು ಬಂದು ದಡ ಮುಟ್ಟಿಸಿದಳು. ಅಳತೆ ಕೊಡಬೇಕಾಗಿದ್ದ ಆರೂ ಗಾರ್ಡುಗಳು ಸೇರಿ ಮೇಲಕ್ಕೆತ್ತಿದರು. ಅವರಲ್ಲೊಬ್ಬ ನಗು ತಡೆಯಲಾರದೆ ಆಚೆ ತಿರುಗಿ ನಿಂತ.

ಮೂರು ದಿನ ಮಾಸ್ತರರು ಯಂತ್ರ ತುಳಿದರೇ ಹೊರತು ಮಾತಾಡಲಿಲ್ಲ. ಗರ ಬಡಿದವರಂತೆ ಕೂತಿರುತ್ತಿದ್ದರು. ಒಂದು ಪ್ಯಾಂಟಿಗೆ ಎರಡೂ ಎಡಗಾಲನ್ನೇ ಕತ್ತರಿಸಿಟ್ಟರು. ಹೆಂಡತಿ ಮಾತ್ರ ಎಂದಿನಂತೆ ಆರೂವರೆಗೆ ಹೊರಡುತ್ತಿದ್ದಳು, ಎಂಟಕ್ಕೆ ಬರುತ್ತಿದ್ದಳು. ಅದು ವಾಯುವಿಹಾರ ಎಂದೇ ಇಷ್ಟು ದಿನ ಅವರು ತಿಳಿದದ್ದು. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

“ಒಂದು ಮಾತು ಹೇಳ್ಬೇಕು ಅಂತ ಅನ್ನಿಸಲಿಲ್ವಾ ನಿನಗೆ?”

“ಹೇಳಿದ್ನಲ್ಲ ರೀ.”

“ಯಾವಾಗ?”

“ಸೇರಿದ ದಿನಾನೇ. ಹದಿನಾಲ್ಕು ತಿಂಗಳಾಯ್ತು. ಈಜು ಕಲಿಯೋಕೆ ಹೋಗ್ತಿದೀನಿ ಅಂದೆ. ನೀವು ಜಿಪ್ಪು ಕೂರಿಸ್ತಿದ್ರಿ. ‘ಹೂಂ, ಬಾಗಿಲು ಎಳ್ಕೊಂಡು ಹೋಗು’ ಅಂದ್ರಿ.”

ಮಾಸ್ತರರು ಇಲ್ಲ ಎನ್ನಲು ಬಾಯಿ ತೆರೆದರು. ಆದರೆ ನೆನಪಾಯಿತು. ಆ ಜಿಪ್ಪು ನೆನಪಾಯಿತು, ಅದು ಯಾರ ಪ್ಯಾಂಟಿನದು ಎಂಬುದೂ ನೆನಪಾಯಿತು. ನೀರಿಗೆ ಬಿದ್ದಾಗಲೂ ಅಷ್ಟು ಜೋರಾದ ಪೆಟ್ಟು ಬಿದ್ದಿರಲಿಲ್ಲ. ಊರಿನ ಅರ್ಧ ಗಂಡಸರ ಸೊಂಟದ ಸುತ್ತಳತೆ ಬಾಯಿಪಾಠ, ಆದರೆ ಮನೆಯವಳು ದಿನಾ ಬೆಳಿಗ್ಗೆ ಎಲ್ಲಿಗೆ ಹೋಗುತ್ತಾಳೆಂಬುದು ಗೊತ್ತಿರಲಿಲ್ಲ.

“ಅಲ್ಲ, ಈ ವಯಸ್ಸಲ್ಲಿ ಯಾಕೆ ಬೇಕಾಗಿತ್ತು ಅದು?” ಸ್ವರ ಇಳಿದಿತ್ತು.

ಅವಳು ಕೈಯಲ್ಲಿದ್ದ ಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡಳು. “ಒಂದಿನ ಕಾಜ ಹಾಕ್ತಾ ಇದ್ದೆ. ಇವತ್ತು ಮಂಗಳವಾರವೋ ಬುಧವಾರವೋ ಗೊತ್ತಾಗಲಿಲ್ಲ. ಪೇಪರ್ ನೋಡೋಣ ಅಂತ ತಗೊಂಡೆ, ಅದೂ ಹಳೇದು. ನಿನ್ನೆ ಏನು ಮಾಡಿದ್ದೆ ಅಂತ ನೆನಪು ಮಾಡ್ಕೊಂಡೆ. ಕಾಜ ಹಾಕಿದ್ದೆ. ಮೊನ್ನೆ? ಅದೇ. ಬದುಕಿದೀನೋ ಇಲ್ವೋ ಅನ್ನೋ ಹಾಗೆ ಹೆದರಿಕೆ ಆಯ್ತು ರೀ.”

“ನನಗೆ ಹೇಳ್ಬಾರದಿತ್ತಾ?”

“ದಿನಾ ಒಂದೇ ಥರ ಇರೋದೇ ನಿಮಗಿಷ್ಟ ಅಂದ್ಕೊಂಡಿದ್ದೆ.” ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವಳೇ ಹೇಳಿದಳು. “ನೀರಂದ್ರೆ ನಂಗೂ ಹೆದರಿಕೇನೇ. ಮೊದಲ ವಾರ ಮೆಟ್ಟಿಲ ಮೇಲೇ ಕೂತಿದ್ದೆ. ಆದ್ರೆ ಒಂದು ಸಲ ಮುಳುಗಿ ಎದ್ದು ಮನೆಗೆ ಬಂದ್ನಲ್ಲ, ಅವತ್ತು ಅದೇ ಸೂಜಿ, ಅದೇ ದಾರ. ಆದ್ರೂ ಕೈಗೆ ಬಟ್ಟೆ ತಾಕಿದ್ದು ಗೊತ್ತಾಗ್ತಿತ್ತು. ಎಷ್ಟೋ ವರ್ಷ ಗೊತ್ತೇ ಆಗ್ತಿರಲಿಲ್ಲ.”

ಮಾಸ್ತರರೊಳಗೂ ಒಂದು ಗುಟ್ಟು ಕೊರೆಯುತ್ತಿತ್ತು. ಮೂರು ದಿನದಿಂದ ಅವರ ನಿದ್ದೆ ಕೆಡಿಸಿದ್ದು ಸಿಟ್ಟೂ ಅಲ್ಲ, ಅವಮಾನವೂ ಅಲ್ಲ. ಆ ಎರಡು ಕ್ಷಣದ ನೀಲಿ. ಸಾಯುವ ಹೊತ್ತಿನಲ್ಲಿ, ‘ಇದೇನಪ್ಪ ಇಷ್ಟು ಚೆನ್ನಾಗಿದೆ!’ ಎಂದು ಮನಸ್ಸು ಹೇಳಿತ್ತು. ಇಂಥ ಮನಸ್ಸು ತನ್ನೊಳಗೆ ಇತ್ತೇ ಎಂದು ಅವರಿಗೆ ದಿಗ್ಭ್ರಮೆ.

ಅಳತೆಯ ಕೆಲಸ ಬಾಕಿಯಿತ್ತಲ್ಲ, ಮರುದಿನ ಅವಳ ಜೊತೆಗೇ ಹೋದರು. ಗಾರ್ಡುಗಳ ಅಳತೆ ಮುಗಿಯುವುದೇ ತಡ, ಹೆಂಡತಿಯ ಜೊತೆ ಈಜುವ ನಿವೃತ್ತ ಮುಖ್ಯೋಪಾಧ್ಯಾಯಿನಿ ಮೈಗೆ ಟವೆಲ್ ಸುತ್ತಿಕೊಂಡು ಎದುರು ಬಂದು ನಿಂತರು.

“ಮಾಸ್ತರೇ, ಅಂಗಡೀಲಿ ಸಿಗೋ ಈಜುಡುಗೆ ಎಲ್ಲಾ ಕಡ್ಡಿ ಥರ ಇರೋ ಹುಡುಗೀರಿಗೆ. ನಮ್ಮಂಥ ಮೈಯವರಿಗೆ ಒಂದು ಹೊಲಿದುಕೊಡ್ತೀರಾ?”

“ನಾನು ಪ್ಯಾಂಟ್ ಬಿಟ್ಟು...” ಎಂದು ಶುರುಮಾಡಿದ ಮಾಸ್ತರರು ಅರ್ಧಕ್ಕೇ ನಿಂತರು. ಹೆಂಡತಿ ಪಕ್ಕದಲ್ಲೇ ಇದ್ದಳು. “ಬಟ್ಟೆ ತಂದುಕೊಡಿ, ನೋಡ್ತೀನಿ” ಎಂದರು. ಹೇಳಿದ ಮೇಲೆ ತಮ್ಮ ಬಾಯಿಗೆ ತಾವೇ ಬೆರಗಾದರು.

ಆ ಬಟ್ಟೆಯೋ, ಎಳೆದರೆ ಎರಡರಷ್ಟು, ಬಿಟ್ಟರೆ ಮುಷ್ಟಿಯಷ್ಟು. ಸೂಜಿಯ ಕೆಳಗೆ ಮೀನಿನಂತೆ ಜಾರುತ್ತಿತ್ತು. ಮೂವತ್ತಮೂರು ವರ್ಷದ ಕೈ ಮೊದಲ ದಿನದ ಕೈಯಂತೆ ತಡವರಿಸಿತು. ಮೂರು ತುಂಡು ಹಾಳಾದವು. “ಲೇ, ಬಾರೆ ಇಲ್ಲಿ, ನೀನು ಆ ಕಡೆ ಹಿಡ್ಕೋ” ಎಂದು ಹೆಂಡತಿಯನ್ನು ಮುಂದಿನ ಕೋಣೆಗೆ ಕರೆದರು. ಅವಳು ಆ ಯಂತ್ರದ ಬಳಿ ಕೂತದ್ದು ಅಂದೇ ಮೊದಲು.

ಕೊನೆಗೂ ಸಿದ್ಧವಾದದ್ದನ್ನು ತೊಟ್ಟು ಮುಖ್ಯೋಪಾಧ್ಯಾಯಿನಿ ನೀರಿಗಿಳಿದರು. ಬೆನ್ನಿನ ಕಡೆ ಮಾಸ್ತರರು ಧಾರಾಳವಾಗಿ ಬಟ್ಟೆ ಬಿಟ್ಟಿದ್ದರು. ಅದರೊಳಗೆ ಗಾಳಿ ತುಂಬಿಕೊಂಡಿತು. ಆಕೆ ಬಲೂನಿನಂತೆ ತೇಲಿದರು. ಮುಳುಗಬೇಕೆಂದರೂ ಮುಳುಗಲಾಗದು!

“ಮಾಸ್ತರೇ, ಇದೇನು ಉಡುಗೆಯೋ ದೋಣಿಯೋ?” ಎಂದು ಕೊಳದ ಮಧ್ಯದಿಂದ ಕೂಗಿದರು.

ಕೊಳದ ತುಂಬ ನಗು. ಮಾಸ್ತರರ ಮುಖ ಮೊದಲು ಕೆಂಪಾಯಿತು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಲಿಗೆ ಕೆಟ್ಟದ್ದಕ್ಕೆ ಅವರು ಅದುವರೆಗೆ ನಕ್ಕದ್ದೇ ಇಲ್ಲ. ಬಿಚ್ಚಿ ಮತ್ತೆ ಹೊಲಿದ ಮೇಲೆ ಅಳತೆ ಕೂತಿತು. ಆಮೇಲೆ ಇನ್ನೂ ಐದು ಜನ ಬಂದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಮಾಸ್ತರರೂ ನಾಲ್ಕಡಿ ಆಳದ ಕಡೆ ಇಳಿದಿದ್ದರು. ಕಲಿಸುವವಳು ಹೆಂಡತಿಯೇ. “ಕತ್ತರಿ ಹಿಡಿದ ಹಾಗೆ ಕೈ ಬಿಗೀಬೇಡಿ” ಎಂದು ಗದರುತ್ತಿದ್ದಳು. ಅವರು ಚೆನ್ನಾಗೇನೂ ಕಲಿಯಲಿಲ್ಲ. ಹಲಗೆಯತ್ತ ತಿರುಗಿಯೂ ನೋಡಲಿಲ್ಲ. ಅಂಗಾತ ತೇಲಲು ಬಂತು, ನಾಯಿಯಂತೆ ಕಾಲು ಬಡಿದು ಅರ್ಧ ಕೊಳ ದಾಟಲು ಬಂತು. ಅಂಗಡಿಗೆ ಮರಳಿದ ಮೇಲೆ ಅಳತೆ ಬರೆದುಕೊಳ್ಳುತ್ತಲೇ, “ಏನು ಸಮಾಚಾರ?” ಎಂದು ಗಿರಾಕಿಗಳನ್ನು ಕೇಳತೊಡಗಿದರು. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಬ್ಯಾಂಕಿನ ಗುಮಾಸ್ತರೊಬ್ಬರು ಕಕ್ಕಾಬಿಕ್ಕಿಯಾಗಿ, “ಯಾಕೆ ಮಾಸ್ತರೇ, ಏನಾದ್ರೂ ಕೇಳಿದ್ರಾ ನನ್ನ ಬಗ್ಗೆ?” ಎಂದರಂತೆ.

ಒಂದು ಭಾನುವಾರ ಮಗಳಿಗೆ ಫೋನ್ ಮಾಡಿದವರೂ ಮಾಸ್ತರರೇ.

“ಮಗಳೇ, ಇವತ್ತು ಅರ್ಧ ಕೊಳ ದಾಟಿದೆ. ಮುಂದಿನ ವಾರ ನಾನೂ ಅಮ್ಮನೂ ನಿಮ್ಮನೆಗೆ ಬರ್ತಿದೀವಿ. ಎಂಟು ದಿನ ಇರ್ತೀವಿ.”

“ಅಮ್ಮಂಗೆ ಕೊಡಿ ಫೋನು” ಎಂದಳು ಮಗಳು. ಅಮ್ಮನ ಹತ್ತಿರ ಮೆಲ್ಲಗೆ, “ಅಪ್ಪ ಹುಷಾರಾಗಿದ್ದಾರಾ? ಡಾಕ್ಟ್ರು ಏನಾದ್ರೂ ಹೇಳಿದ್ರಾ? ನನ್ನ ಹತ್ತಿರ ಮುಚ್ಚಿಡಬೇಡ” ಎಂದು ಕೇಳಿದಳು.

ಬಾಗಿಲಿಗೆ ಬೀಗ ಹಾಕಿ ಇಬ್ಬರೂ ಹೊರಟರು. ಮಗಳ ಮದುವೆ ಬಿಟ್ಟರೆ ಮಾಸ್ತರರ ಅಂಗಡಿ ಹಿಂದೆ ಮುಚ್ಚಿದ್ದು ಎರಡೇ ಸಲ, ಅಪ್ಪ ತೀರಿಕೊಂಡಾಗ ಮತ್ತು ಅಮ್ಮ ತೀರಿಕೊಂಡಾಗ. ಬೀಗ ಕಂಡ ಹಾಲಿನವಳ ಕೈಯಿಂದ ಪಾತ್ರೆ ಜಾರುವುದೊಂದು ಬಾಕಿ. ಓಡಿಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿ, “ಯಾರು ಹೋಗ್ಬಿಟ್ರು?” ಎಂದು ಕೇಳಿದಳು.

“ಇಬ್ಬರೂ ಹೋದರು,” ಎಂದರು ಪಕ್ಕದ ಮನೆಯ ಅಜ್ಜಿ, “ಎಂಟು ದಿನಕ್ಕೆ ಬರ್ತಾರಂತೆ. ನಾಳೆಯಿಂದ ಅವರ ಹಾಲೂ ನಮಗೇ ಹಾಕು.”